ಬೇರೆ ಮನೆಯಲ್ಲಿದ್ದೇನೆ, ರಿಟರ್ನ್ ಹೇಗೆ ಹಾಕಲಿ ಅಕ್ಕಾ?

ಜುಲೈ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಪತ್ರಗಳು ಜಾಸ್ತಿ. ಈ ಸಲ ಬಂದವುಗಳಲ್ಲಿ ನಾಲ್ಕನ್ನು ಬೇರೆ ತೆಗೆದಿಟ್ಟುಕೊಂಡೆ. ನಾಲ್ಕೂ ಒಂದೇ ಸಂಕಟದ ಪತ್ರಗಳು. ಗಂಡ ಹೆಂಡತಿ ಬೇರೆ ಬೇರೆ ಇದ್ದಾರೆ, ಡೈವೋರ್ಸ್ ಇನ್ನೂ ಆಗಿಲ್ಲ, ಇನ್‌ಕಂ ಟ್ಯಾಕ್ಸ್ ರಿಟರ್ನ್ ಹಾಕುವ ದಿನ ಬಂದಿದೆ. ಇದರ ಬಗ್ಗೆ ಆಡಿಟರ ಹತ್ತಿರ ಕೇಳಲಿಕ್ಕೂ ಜನ ಮುಜುಗರಪಡುತ್ತಾರೆ. ಮನೆಯ ವಿಷಯ ಹೊರಗೆ ಹೇಳಬೇಕಲ್ಲ ಎಂಬ ಅಂಜಿಕೆ. ಅದಕ್ಕೇ ಈ ತಿಂಗಳ ಜಾಗವನ್ನೆಲ್ಲ ಈ ನಾಲ್ವರಿಗೇ ಕೊಡುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ದಾವಣಗೆರೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಶಿಕ್ಷಕಿ. ವರ್ಷಕ್ಕೆ 7,40,000 ರೂಪಾಯಿ ಸಂಬಳ. ಹೋದ ವರ್ಷದ ಮೇ ತಿಂಗಳಿಂದ ಒಂಬತ್ತು ವರ್ಷದ ಮಗನ ಜೊತೆ ತವರಿನಲ್ಲಿದ್ದೇನೆ. ಕೇಸು ಫ್ಯಾಮಿಲಿ ಕೋರ್ಟಿನಲ್ಲಿದೆ. ಸೆಪ್ಟೆಂಬರಿನಿಂದ ತಿಂಗಳಿಗೆ 12,000 ರೂಪಾಯಿ ಮಧ್ಯಂತರ ಜೀವನಾಂಶ ಬರುತ್ತಿದೆ. ಇಷ್ಟು ವರ್ಷ ನನ್ನ ರಿಟರ್ನನ್ನು ಅವರೇ ಹಾಕುತ್ತಿದ್ದರು. ಪಾಸ್‌ವರ್ಡ್ ನನಗೆ ಗೊತ್ತಿಲ್ಲ. ಒಟಿಪಿ ಅವರ ಮೊಬೈಲಿಗೆ ಹೋಗುತ್ತದೆ. ಪಾನ್ ಕಾರ್ಡ್ ಆ ಮನೆಯಲ್ಲೇ ಉಳಿದಿದೆ. 2021ರಲ್ಲಿ ಅವರು ತಮ್ಮ ದುಡ್ಡಿನಲ್ಲಿ ನನ್ನ ಹೆಸರಿಗೆ 5 ಲಕ್ಷದ ಎಫ್‌ಡಿ ಮಾಡಿದ್ದರು. ಮಗನ ಹೆಸರಿನಲ್ಲಿ ನನ್ನ ಅಪ್ಪ 2 ಲಕ್ಷ ಇಟ್ಟಿದ್ದಾರೆ. ಮನೆ ಇಬ್ಬರ ಹೆಸರಿನಲ್ಲೂ ಇದೆ, ಸಾಲವೂ ಜಂಟಿ. ಅರ್ಧ ಇಎಂಐ ನನ್ನ ಸಂಬಳದಿಂದ ಹೋಗುತ್ತದೆ, ಮನೆಯಲ್ಲಿ ಇರುವವರು ಅವರು. ನನ್ನ ರಿಟರ್ನಿಗೆ ಅವರ ಒಪ್ಪಿಗೆ ಬೇಕೇ? ಬೇರೆ ಇದ್ದೇನೆ ಅಂತ ಫಾರಂನಲ್ಲಿ ಬರೆಯಬೇಕೇ? ಜೀವನಾಂಶಕ್ಕೆ ತೆರಿಗೆ ಇದೆಯೇ?

ಉತ್ತರ: ತಂಗಿ, ಮೊದಲು ನಿಮ್ಮ ಭಯದ ಮಾತಿಗೆ ಬರುತ್ತೇನೆ. ನಿಮ್ಮ ರಿಟರ್ನಿಗೆ ಯಾರ ಒಪ್ಪಿಗೆಯೂ ಬೇಡ, ಯಾರ ಸಹಿಯೂ ಬೇಡ. ನಮ್ಮ ದೇಶದಲ್ಲಿ ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಹಾಕುವ ಪದ್ಧತಿಯೇ ಇಲ್ಲ. ಮದುವೆಯ ದಿನವೂ ನೀವು ಬೇರೆ ತೆರಿಗೆದಾರರು, ಈಗಲೂ ಬೇರೆ. ಮದುವೆಯಾಗಿದೆಯೇ, ಗಂಡನ ಜೊತೆ ಇದ್ದೀರಾ ಎಂದು ಕೇಳುವ ಜಾಗ ರಿಟರ್ನ್ ಫಾರಂನಲ್ಲೇ ಇಲ್ಲ. ಇನ್ನೊಂದು ಮಾತು. ಪಾನ್ ಕಾರ್ಡಿನ ಮೇಲೆ ಗಂಡನ ಹೆಸರು ಇರುವುದಿಲ್ಲ. ಮದುವೆಯಾದ ಹೆಣ್ಣಿಗೂ ಅಲ್ಲಿ ಅಪ್ಪನ ಹೆಸರೇ ಇರುತ್ತದೆ, ಅಮ್ಮನ ಹೆಸರು ಬೇಕೆಂದವರಿಗೆ ಅದೂ ಉಂಟು. ಹಾಗಾಗಿ ನೀವು ಕಾರ್ಡಿನಲ್ಲಿ ಹೆಸರು ತಿದ್ದಿಸುವ ಕೆಲಸವೂ ಇಲ್ಲ.

ಆದರೆ ಒಂದು ಕೆಲಸ ಇವತ್ತೇ ಶುರುವಾಗಬೇಕು. ನಿಮ್ಮ ಖಾತೆಯ ಬೀಗದ ಕೈ ನಿಮ್ಮ ಹತ್ತಿರ ಬರಬೇಕು.

ನೆಟ್ ಬ್ಯಾಂಕಿಂಗ್ ಇದ್ದರೆ ದಾರಿ ಸುಲಭ. ಬ್ಯಾಂಕಿನ ಖಾತೆಯೊಳಗಿಂದಲೇ ಇ-ಫೈಲಿಂಗ್ ಪೋರ್ಟಲಿಗೆ ಹೋಗಬಹುದು, ಹಳೆಯ ಪಾಸ್‌ವರ್ಡ್ ಬೇಕಾಗುವುದಿಲ್ಲ. ಅದಿಲ್ಲದಿದ್ದರೆ ಆಧಾರ್ ಒಟಿಪಿ ಹಾಕಿ ಪಾಸ್‌ವರ್ಡ್ ಬದಲಿಸಬೇಕು. ಆಧಾರಿಗೂ ಅವರ ನಂಬರೇ ಜೋಡಣೆಯಾಗಿದ್ದರೆ ಆಧಾರ್ ಕೇಂದ್ರಕ್ಕೆ ನೀವೇ ಹೋಗಿ, ಬೆರಳಚ್ಚು ಕೊಟ್ಟು ನಂಬರ್ ಬದಲಿಸಿ. ಅಲ್ಲಿಗೂ ಯಾರನ್ನೂ ಕರೆದುಕೊಂಡು ಹೋಗಬೇಕಾಗಿಲ್ಲ. ಪೋರ್ಟಲಿನ ಒಳಗೆ ಹೋದ ಕೂಡಲೇ ಪ್ರೊಫೈಲಿನಲ್ಲಿ ಮೊಬೈಲ್, ಇಮೇಲ್, ವಿಳಾಸ ಮೂರನ್ನೂ ನಿಮ್ಮದಕ್ಕೆ ಬದಲಿಸಿ. ರೀಫಂಡ್ ಬರುವ ಬ್ಯಾಂಕ್ ಖಾತೆ ಯಾವುದಿದೆ ನೋಡಿ. ಜಂಟಿ ಖಾತೆ ಇದ್ದರೆ ತೆಗೆದು ನಿಮ್ಮೊಬ್ಬರ ಖಾತೆ ಹಾಕಿ. ಪಾನ್ ಕಾರ್ಡನ್ನು ಮತ್ತೆ ಮುದ್ರಿಸಿ ತರಿಸುವ ಮುಂಚೆ ವಿಳಾಸ ಬದಲಾಗಿದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಹೊಸ ಕಾರ್ಡೂ ಆ ಮನೆಗೇ ಹೋಗುತ್ತದೆ.

ಇಲಾಖೆಯ ನೋಟೀಸುಗಳು ಈಗ ಇಮೇಲಿಗೆ, ಪೋರ್ಟಲಿಗೆ ಬರುತ್ತವೆ. ಆ ಇಮೇಲ್ ಗಂಡನದಾದರೆ ನೋಟೀಸ್ ಬಂದದ್ದೇ ನಿಮಗೆ ಗೊತ್ತಾಗುವುದಿಲ್ಲ. ಉತ್ತರ ಕೊಡದಿದ್ದರೆ ಅಧಿಕಾರಿ ತನಗೆ ಸಿಕ್ಕ ಮಾಹಿತಿಯ ಮೇಲೆ ತೆರಿಗೆ ಹಾಕುತ್ತಾರೆ. 2004ರಲ್ಲಿ ನಾನು ಗಂಡನ ಮನೆ ಬಿಟ್ಟು ಶಿವಮೊಗ್ಗದಲ್ಲೇ ಬೇರೆ ಮನೆ ಮಾಡಿದಾಗ ಎಲ್ಲವೂ ಕಾಗದದಲ್ಲಿತ್ತು. ನನ್ನ ರೀಫಂಡ್ ಚೆಕ್ಕು ಹಳೆಯ ವಿಳಾಸಕ್ಕೆ ಹೋಯಿತು. ನನ್ನ ಕೈಗೆ ಬರುವ ಹೊತ್ತಿಗೆ ಅದರ ಅವಧಿ ಮುಗಿದಿತ್ತು. ಆ ತಿಂಗಳು ಮಗಳ ಶಾಲೆಯ ಫೀಸಿಗೆ ಅದೇ ದುಡ್ಡು ಎಂದುಕೊಂಡಿದ್ದೆ. ಆಗ ನಾನು ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ, ತೆರಿಗೆಯ ವಿಷಯ ಏನೂ ಗೊತ್ತಿರಲಿಲ್ಲ. ಎರಡು ವರ್ಷದ ನಂತರ ಸರ್ಕಾರ ಟ್ಯಾಕ್ಸ್ ರಿಟರ್ನ್ ಪ್ರಿಪೇರರ್ ಯೋಜನೆ ತಂದಾಗ ತರಬೇತಿಗೆ ಸೇರಿದೆ. ಈ ಕೆಲಸ ಕಲಿತದ್ದೇ ನನ್ನ ಲೆಕ್ಕ ನಾನೇ ಮಾಡಿಕೊಳ್ಳಬೇಕು ಎಂಬ ಹಟಕ್ಕೆ.

ಖಾತೆ ತೆರೆದ ಮೇಲೆ ಹಿಂದಿನ ಮೂರ್ನಾಲ್ಕು ವರ್ಷದ ರಿಟರ್ನುಗಳನ್ನು ಇಳಿಸಿಕೊಂಡು ಕೂತು ಓದಿ. ಕಟ್ಟದ ಬಾಡಿಗೆಗೆ ವಿನಾಯಿತಿ ಕೇಳಿರುವುದು, ಇಲ್ಲದ ವಿಮೆ ತೋರಿಸಿರುವುದು, ಇಂಥವನ್ನೆಲ್ಲ ನಾನು ಬಹಳ ಕಂಡಿದ್ದೇನೆ. ಹಾಕಿದವರು ಯಾರೇ ಇರಲಿ, ಆ ರಿಟರ್ನ್ ನಿಮ್ಮದು, ಹೊಣೆಯೂ ನಿಮ್ಮದೇ. ತಪ್ಪು ಕಂಡರೆ ಅಪ್‌ಡೇಟೆಡ್ ರಿಟರ್ನ್ ಹಾಕಿ ಸರಿಪಡಿಸಲು ಈಗ ನಾಲ್ಕು ವರ್ಷದವರೆಗೆ ಅವಕಾಶವಿದೆ. ತಡವಾದಷ್ಟೂ ಹೆಚ್ಚುವರಿ ತೆರಿಗೆ ಏರುತ್ತದೆ. ಹಾಗೆಯೇ ಅವರ ಪಾಸ್‌ವರ್ಡ್ ನಿಮಗೆ ಗೊತ್ತಿದ್ದರೆ ಅದನ್ನು ಮುಟ್ಟಬೇಡಿ. ಅವರ ಆದಾಯದ ದಾಖಲೆ ಬೇಕಿದ್ದರೆ ನಿಮ್ಮ ವಕೀಲರಿಗೆ ಹೇಳಿ ಕೋರ್ಟಿನಲ್ಲಿ ಅರ್ಜಿ ಹಾಕಿಸಿ.

ಈಗ ಜೀವನಾಂಶ. ಪ್ರತಾಪಗಢದ ರಾಜಕುಮಾರಿ ಮಹೇಶ್ವರಿ ದೇವಿ ಎಂಬುವರ ಪ್ರಕರಣವನ್ನು ಎಂಬತ್ತರ ದಶಕದಲ್ಲಿ ಬಾಂಬೆ ಹೈಕೋರ್ಟ್ ತೀರ್ಮಾನಿಸಿತು. ಡೈವೋರ್ಸ್ ಆದ ಹೆಂಡತಿಗೆ ಒಂದೇ ಸಲ ಬರುವ ಇಡಿಗಂಟು ಆದಾಯವಲ್ಲ, ಅದಕ್ಕೆ ತೆರಿಗೆ ಇಲ್ಲ. ತಿಂಗಳು ತಿಂಗಳು ಬರುವುದು ಆದಾಯ, ಅದಕ್ಕೆ ತೆರಿಗೆ ಇದೆ. ಇವತ್ತಿಗೂ ಎಲ್ಲರೂ ಹಿಡಿಯುವುದು ಇದನ್ನೇ. ನಿಮ್ಮ ಹಾಗೆ ಡೈವೋರ್ಸ್ ಆಗದವರ ವಿಷಯದಲ್ಲಿ ಬೇರೆ ವಾದವೂ ಉಂಟು. ಗಂಡ ಇನ್ನೂ ಕಾಯ್ದೆಯ ಪ್ರಕಾರ ಸಂಬಂಧಿ, ಸಂಬಂಧಿ ಕೊಟ್ಟ ದುಡ್ಡಿಗೆ ತೆರಿಗೆ ಇಲ್ಲ ಎಂದು ಕೆಲವು ಆಡಿಟರುಗಳು ಹೇಳುತ್ತಾರೆ. ನನ್ನ ಸಲಹೆ ಕೇಳಿದರೆ, ‘ಇತರ ಮೂಲಗಳ ಆದಾಯ’ದಲ್ಲಿ ಅದನ್ನು ತೋರಿಸಿಬಿಡಿ. ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ ಏಳು ತಿಂಗಳಿಗೆ 84,000. ಸಂಬಳ ಸೇರಿ 8,24,000. ಸಂಬಳದಾರರಿಗೆಲ್ಲ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 7,49,000. ಕಡಿತಗಳೂ ಕಡಿಮೆ, ದರವೂ ಕಡಿಮೆ ಇರುವ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್, ಅಂದರೆ ತೆರಿಗೆ ಮಾಫಿ, ಇರುವುದರಿಂದ ನಿಮಗೆ ಒಂದು ರೂಪಾಯಿ ತೆರಿಗೆಯೂ ಬರುವುದಿಲ್ಲ.

ತೋರಿಸಿ ಎನ್ನಲು ಇನ್ನೊಂದು ಕಾರಣ ಕೋರ್ಟು. ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ನಿಯಮ ಮಾಡಿತು. ಜೀವನಾಂಶದ ಕೇಸಿನಲ್ಲಿ ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯದ ಪ್ರಮಾಣಪತ್ರ ಕೊಡಬೇಕು. ನೀವೂ ಕೊಟ್ಟಿರುತ್ತೀರಿ. ಅಲ್ಲಿ ಬರೆದ ಅಂಕಿ ಮತ್ತು ರಿಟರ್ನಿನ ಅಂಕಿ ಒಂದಕ್ಕೊಂದು ಹೊಂದಬೇಕು. ಎದುರು ಕಡೆಯ ವಕೀಲರು ಮೊದಲು ಹುಡುಕುವುದೇ ಅಲ್ಲಿ ವ್ಯತ್ಯಾಸ ಇದೆಯೇ ಅಂತ.

ಎಫ್‌ಡಿ ವಿಷಯ ಸ್ವಲ್ಪ ತೊಡಕಿನದು. ದುಡ್ಡು ಯಾರಿಗೆ ಸೇರಬೇಕು ಎಂಬುದನ್ನು ಕೋರ್ಟಿಗೆ ಬಿಡಿ. ಬಡ್ಡಿಯ ತೆರಿಗೆ ಯಾರದು ಎಂಬುದನ್ನು ಮಾತ್ರ ನಾನು ಹೇಳಬಲ್ಲೆ. ಗಂಡ ತನ್ನ ದುಡ್ಡನ್ನು ಸುಮ್ಮನೆ ಹೆಂಡತಿಯ ಹೆಸರಿಗೆ ಇಟ್ಟರೆ ಅದರ ಬಡ್ಡಿ ಗಂಡನ ಆದಾಯಕ್ಕೆ ಸೇರುತ್ತದೆ. ಇದಕ್ಕೆ ನಾವು ಕ್ಲಬ್ಬಿಂಗ್ ಅನ್ನುತ್ತೇವೆ. ನೀವು ಬೇರೆ ಇದ್ದರೂ ಮದುವೆ ಉಳಿದಿರುವ ತನಕ ಇದು ಉಳಿಯುತ್ತದೆ, ಡೈವೋರ್ಸ್ ಆದ ದಿನದಿಂದ ನಿಲ್ಲುತ್ತದೆ. ಆದರೆ ಬಡ್ಡಿಯ ಮೇಲೆ ಬೆಳೆದ ಬಡ್ಡಿ ನಿಮ್ಮದೇ ಆದಾಯ. ಎಫ್‌ಡಿ ನಿಮ್ಮ ಪಾನ್ ನಂಬರಿನಲ್ಲಿ ಇರುವುದರಿಂದ ಪೋರ್ಟಲಿನ ಎಐಎಸ್‌ನಲ್ಲಿ, ಅಂದರೆ ನಿಮ್ಮ ಆದಾಯದ ಬಗ್ಗೆ ಇಲಾಖೆಗೆ ಬಂದ ಮಾಹಿತಿಯ ಪಟ್ಟಿಯಲ್ಲಿ, ಪೂರ್ತಿ ಬಡ್ಡಿ ನಿಮ್ಮ ಲೆಕ್ಕದಲ್ಲೇ ಕಾಣಿಸುತ್ತದೆ. ಅವರಿಗೆ ಸೇರುವ ಭಾಗಕ್ಕೆ, ಈ ಮಾಹಿತಿ ಬೇರೆ ಪಾನ್‌ಗೆ ಸೇರಿದ್ದು ಎಂದು ಅಲ್ಲೇ ಫೀಡ್‌ಬ್ಯಾಕ್ ಕೊಡಬಹುದು. ಕೊಡುವ ಮುಂಚೆ ವಕೀಲರ ಮೂಲಕ ಅವರಿಗೊಂದು ಮಾತು ತಿಳಿಸಿ. ಇಲ್ಲದಿದ್ದರೆ ಅವರಿಗೆ ಇದೇ ಹೊಸ ಜಗಳವಾಗಿ ಕಾಣಬಹುದು.

ಮಗನ ಎಫ್‌ಡಿಗೂ ಇಂಥದ್ದೇ ನಿಯಮ ಇದೆ, ನಿಮಗೆ ಇದು ಅನ್ಯಾಯ ಅನಿಸಬಹುದು. ಚಿಕ್ಕ ಮಕ್ಕಳ ಬಡ್ಡಿ ಆದಾಯ ತಂದೆ ತಾಯಿಯಲ್ಲಿ ಯಾರ ಆದಾಯ ಹೆಚ್ಚೋ ಅವರಿಗೆ ಸೇರುತ್ತದೆ. ಮಗು ಯಾರ ಹತ್ತಿರ ಮಲಗುತ್ತದೆ, ಯಾರು ಊಟ ಹಾಕುತ್ತಾರೆ ಎಂಬುದು ಲೆಕ್ಕಕ್ಕೆ ಬರುವುದು ಮದುವೆ ಕಾನೂನಿನಂತೆ ಮುರಿದ ಮೇಲೆ. ಆಗ ಮಗುವನ್ನು ಸಾಕುತ್ತಿರುವವರ ಆದಾಯಕ್ಕೆ ಸೇರುತ್ತದೆ. ನಿಮ್ಮ ಯಜಮಾನರ ಆದಾಯ ಹೆಚ್ಚಿದ್ದರೆ ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟನ್ನು ಅವರಿಗೆ ಕಳಿಸಿ, ಕಳಿಸಿದ್ದಕ್ಕೆ ಗುರುತು ಇಟ್ಟುಕೊಳ್ಳಿ.

ಮನೆ ಸಾಲದ ಬಡ್ಡಿ ಹಳೆಯ ಪದ್ಧತಿಯಲ್ಲಿ ಮಾತ್ರ ಉಪಯೋಗಕ್ಕೆ ಬರುತ್ತದೆ. ಹೊಸದರಲ್ಲೇ ನಿಮ್ಮ ತೆರಿಗೆ ಸೊನ್ನೆ, ಹಾಗಾಗಿ ಅದನ್ನು ಬಿಟ್ಟುಬಿಡಿ. ನೀವು ಆ ಮನೆಯಲ್ಲಿ ಇಲ್ಲವಲ್ಲ, ಬಾಡಿಗೆ ಬಂದಂತೆ ಲೆಕ್ಕ ಹಾಕುತ್ತಾರಾ ಎಂಬ ಹೆದರಿಕೆಯೂ ಬೇಡ. ಮಾಲೀಕರು ಯಾವುದೇ ಕಾರಣಕ್ಕೆ ಮನೆಯಲ್ಲಿ ಇರಲು ಆಗದಿದ್ದರೂ ಅದರ ಆದಾಯ ಸೊನ್ನೆ ಎಂದೇ ಹಿಡಿಯಬಹುದು ಎಂದು 2025ರ ಬಜೆಟ್‌ನಲ್ಲಿ ತಿದ್ದುಪಡಿ ಆಗಿದೆ. ಮುಂಚೆ ಅದಕ್ಕೆ ಬೇರೆ ಊರಿನಲ್ಲಿ ಕೆಲಸ ಎಂಬಂಥ ಕಾರಣವೇ ಇರಬೇಕಿತ್ತು. ಆದರೆ ಇಎಂಐ ಮಾತ್ರ ತಪ್ಪಿಸಬೇಡಿ ತಂಗಿ. ನೀವಿಬ್ಬರೂ ಬೇರೆಯಾದದ್ದು ಬ್ಯಾಂಕಿಗೆ ಸಂಬಂಧವಿಲ್ಲ. ಒಬ್ಬರು ನಿಲ್ಲಿಸಿದರೂ ಇಬ್ಬರ ಸಾಲದ ಚರಿತ್ರೆಯೂ ಕೆಡುತ್ತದೆ.

ಇನ್ನೊಂದು ವಿಷಯ ನೀವು ಕೇಳಿಲ್ಲ. ಆದರೂ ಇದನ್ನೇ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕು. ಕೋರ್ಟಿನಲ್ಲಿ ಮಧ್ಯಸ್ಥಿಕೆ ನಡೆದು ನಿಮ್ಮ ಯಜಮಾನರು ಮನೆಯ ಪಾಲನ್ನೋ, ಇನ್ನಷ್ಟು ದುಡ್ಡನ್ನೋ ನಿಮಗೆ ಕೊಡಲು ಒಪ್ಪಬಹುದು. ಆಗ ಕಾಗದದಲ್ಲಿ ಏನು ಬರೆಯುತ್ತಾರೆ ಎಂದು ಕಣ್ಣಿಟ್ಟು ನೋಡಿ. ಕ್ಲಬ್ಬಿಂಗ್ ನಿಯಮಕ್ಕೆ ಕಾಯ್ದೆಯಲ್ಲೇ ಒಂದು ವಿನಾಯಿತಿ ಇದೆ. ಗಂಡ ಹೆಂಡತಿ ‘ಬೇರೆಯಾಗಿ ಬದುಕುವ ಒಪ್ಪಂದ’ ಮಾಡಿಕೊಂಡು, ಅದರ ಭಾಗವಾಗಿ ಆಸ್ತಿ ಕೊಟ್ಟರೆ, ಆ ಆಸ್ತಿಯ ಆದಾಯ ಕೊಟ್ಟವರಿಗೆ ಸೇರುವುದಿಲ್ಲ. ಪಡೆದವರದೇ ಆಗುತ್ತದೆ. ಮನೆಗೂ ಇದು ಅನ್ವಯ, ದುಡ್ಡಿಗೂ ಅನ್ವಯ. ಇದಕ್ಕೆ ಡೈವೋರ್ಸ್ ಡಿಕ್ರಿ ಬೇಕಾಗಿಲ್ಲ, ಇಬ್ಬರೂ ಮನಸಾರೆ ಒಪ್ಪಿ ಮಾಡಿಕೊಂಡದ್ದೂ ನಡೆಯುತ್ತದೆ. ಆದರೆ 2021ರ ಎಫ್‌ಡಿಗೆ ಇದು ಸಿಗುವುದಿಲ್ಲ. ಅದನ್ನು ಕೊಟ್ಟಾಗ ಇಂಥ ಒಪ್ಪಂದ ಇರಲಿಲ್ಲ.

ಇದನ್ನು ಯಾಕೆ ಇಷ್ಟು ಹೇಳುತ್ತೇನೆಂದರೆ, ನಾನು ಇದರಲ್ಲೇ ಬಿದ್ದವಳು. ನಾವು ಬೇರೆಯಾಗುವಾಗ ಎರಡೂ ಕಡೆಯ ಹಿರಿಯರು ನಮ್ಮ ಮಾವನ ಮನೆಯ ಜಗುಲಿಯಲ್ಲಿ ಕೂತು ಮಾತಾಡಿದರು. ಶಿವಮೊಗ್ಗದ ದುರ್ಗಿಗುಡಿ ಹತ್ತಿರ ನಮ್ಮವರಿಗೆ ಒಂದು ಸಣ್ಣ ಮಳಿಗೆ ಇತ್ತು. ತಿಂಗಳಿಗೆ 3,500 ಬಾಡಿಗೆ. ಅದು ನನಗೆ ಮತ್ತು ಮಗಳಿಗೆ ಎಂದು ತೀರ್ಮಾನವಾಯಿತು. ನಮ್ಮವರೂ ಒಳ್ಳೆ ಮನಸ್ಸಿನಿಂದಲೇ ಒಪ್ಪಿದರು. ಪತ್ರ ಬರೆಯುವವರು ಎಲ್ಲ ದಾನಪತ್ರದಲ್ಲೂ ಬರೆಯುವ ಹಾಗೆ ‘ಪ್ರೀತಿ ವಿಶ್ವಾಸದಿಂದ’ ಎಂದು ಬರೆದರು. ನಾವು ಬೇರೆ ಇರಲು ಒಪ್ಪಿದ್ದೇವೆ, ಆ ಒಪ್ಪಂದದ ಭಾಗವಾಗಿ ಇದನ್ನು ಕೊಡಲಾಗಿದೆ ಎಂಬ ಸಾಲು ಎಲ್ಲೂ ಇರಲಿಲ್ಲ. ಜಗುಲಿಯಲ್ಲಿ ಆಡಿದ ಮಾತನ್ನು ಯಾರೂ ಕಾಗದಕ್ಕೆ ಇಳಿಸಲಿಲ್ಲ.

ನಾನು ಬಾಡಿಗೆಯನ್ನು ನನ್ನ ಲೆಕ್ಕದಲ್ಲಿ ತೋರಿಸುತ್ತಾ ಬಂದೆ. ಎರಡು ವರ್ಷದ ಮೇಲೆ ನಮ್ಮವರಿಗೆ ನೋಟೀಸು ಬಂತು. ದಾನವಾಗಿ ಹೆಂಡತಿಗೆ ಕೊಟ್ಟ ಮಳಿಗೆ, ಹಾಗಾಗಿ ತೆರಿಗೆಯ ಲೆಕ್ಕಕ್ಕೆ ಮಾಲೀಕರು ಇನ್ನೂ ನೀವೇ ಎಂದು. ಬಾಕಿ ತೆರಿಗೆ, ಅದರ ಮೇಲೆ ಬಡ್ಡಿ. ಕೊಟ್ಟ ಮೇಲೂ ನಾನೇ ಕಟ್ಟಬೇಕಾ ಎಂದು ಅವರು ಕೇಳಿದರು. ಅವರ ಸಿಟ್ಟು ತಪ್ಪಲ್ಲ. ಅಷ್ಟರಲ್ಲಿ ನಮ್ಮಿಬ್ಬರ ನಡುವೆ ಮಾತು ಸ್ವಲ್ಪ ಹದಕ್ಕೆ ಬಂದಿತ್ತು, ಮಗಳನ್ನು ಭಾನುವಾರ ಕರೆದುಕೊಂಡು ಹೋಗುತ್ತಿದ್ದರು. ಆ ಒಂದು ಕಾಗದದಿಂದ ಮತ್ತೆ ಎಲ್ಲ ಕೆಟ್ಟಿತು. ನಾನು ಒಂದು ಜೊತೆ ಬಳೆ ಮಾರಿ ಅವರಿಗೆ ದುಡ್ಡು ಕಳಿಸಿದೆ. 2007ರಲ್ಲಿ ಡೈವೋರ್ಸ್ ಆದ ಮೇಲೆ ಬಾಡಿಗೆ ನನ್ನ ಲೆಕ್ಕಕ್ಕೆ ಬಂತು. ಆದರೆ ಆ ಭಾನುವಾರಗಳು ಮಗಳಿಗೆ ಮತ್ತೆ ಸಿಗಲಿಲ್ಲ.

ಹಾಗಾಗಿ ತಂಗಿ, ಕೊಡುವ ಕೊಳ್ಳುವ ಮಾತು ಬಂದ ದಿನ ಛಾಪಾ ಕಾಗದದಲ್ಲಿ ಬರೆಸಿ. ಯಾವ ದಿನದಿಂದ ಬೇರೆ ಇದ್ದೀರಿ, ಏನನ್ನು ಕೊಡುತ್ತಿದ್ದಾರೆ, ಬೇರೆ ಬದುಕುವ ಒಪ್ಪಂದದ ಭಾಗವಾಗಿ ಕೊಡುತ್ತಿದ್ದಾರೆ, ಈ ಮೂರೂ ಸ್ಪಷ್ಟವಾಗಿ ಇರಲಿ. ಇಬ್ಬರ ಸಹಿ, ಇಬ್ಬರು ಸಾಕ್ಷಿಗಳು. ಮನೆ, ಜಮೀನು ಆದರೆ ನೋಂದಣಿ ಆಗಲೇಬೇಕು, ನೋಂದಣಿ ಪತ್ರದಲ್ಲೂ ಆ ಒಪ್ಪಂದದ ಉಲ್ಲೇಖ ಇರಲೇಬೇಕು. ಹೀಗೆ ಬರೆಸಿದರೆ ಡೈವೋರ್ಸ್ ಆದಂತೆ ಅಲ್ಲವಾ ಎಂದು ಕೇಳುವವರಿದ್ದಾರೆ. ಇಲ್ಲ. ನಾಳೆ ಇಬ್ಬರೂ ಮತ್ತೆ ಸೇರಿದರೆ ಈ ಕಾಗದ ಯಾರನ್ನೂ ತಡೆಯುವುದಿಲ್ಲ.

ನಿಮಗೆ ಕೊನೆಯ ದಿನ ಜುಲೈ 31. ಇನ್ನೊಂದು ಸಣ್ಣ ವಿಷಯ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. ಆದರೆ ಈಗ ನೀವು ಹಾಕುವುದು 2025-26ರ ಆದಾಯದ ರಿಟರ್ನ್, ಅದಕ್ಕೆ 1961ರ ಹಳೆಯ ಕಾಯ್ದೆಯೇ ಅನ್ವಯ.

ಪ್ರಶ್ನೆ: ಮೇಡಂ, ತುಮಕೂರಿನಿಂದ ಬರೆಯುತ್ತಿದ್ದೇನೆ. ಖಾಸಗಿ ಕಂಪನಿಯಲ್ಲಿ ವರ್ಷಕ್ಕೆ 14 ಲಕ್ಷ ಸಂಬಳ. ಕೋರ್ಟ್ ಆದೇಶದಂತೆ ಹೆಂಡತಿಗೆ 20,000, ಮಗಳಿಗೆ 10,000 ಪ್ರತಿ ತಿಂಗಳು ಸಂಬಳದಲ್ಲೇ ಕಟ್ ಆಗುತ್ತದೆ. ವರ್ಷಕ್ಕೆ 3,60,000 ನನ್ನ ಕೈಗೇ ಬರುವುದಿಲ್ಲ. ಆದರೂ ಕಂಪನಿಯವರು 14 ಲಕ್ಷಕ್ಕೂ ತೆರಿಗೆ ಹಿಡಿದಿದ್ದಾರೆ. ಕೈಗೆ ಬಾರದ ದುಡ್ಡಿಗೆ ತೆರಿಗೆ ಯಾಕೆ?

ಉತ್ತರ: ನಿಮ್ಮ ಪ್ರಶ್ನೆಯನ್ನು ಅರವತ್ತು ವರ್ಷದ ಹಿಂದೆಯೇ ಒಬ್ಬರು ಸುಪ್ರೀಂ ಕೋರ್ಟ್‌ವರೆಗೆ ಒಯ್ದಿದ್ದರು. ಸೀತಲ್‌ದಾಸ್ ತೀರಥ್‌ದಾಸ್ ಪ್ರಕರಣ, 1960. ಅವರೂ ಕೋರ್ಟ್ ಡಿಕ್ರಿಯಂತೆ ಹೆಂಡತಿ ಮಕ್ಕಳಿಗೆ ಜೀವನಾಂಶ ಕೊಡುತ್ತಿದ್ದರು. ಅದನ್ನು ಆದಾಯದಲ್ಲಿ ಕಳೆಯಿರಿ ಎಂದು ಕೇಳಿದರು. ಕೋರ್ಟ್ ಒಪ್ಪಲಿಲ್ಲ.

ತರ್ಕ ಇಷ್ಟೇ. ನಾಲೆಯ ನೀರು ನಿಮ್ಮ ಗದ್ದೆಗೆ ಬರುವ ಮುಂಚೆಯೇ ತೂಬಿನಲ್ಲಿ ಬೇರೆಯವರ ಕಡೆ ತಿರುಗಿದರೆ ಅದು ನಿಮ್ಮ ನೀರಲ್ಲ. ನಿಮ್ಮ ಗದ್ದೆಗೆ ಬಂದ ನೀರನ್ನು ಪಕ್ಕದವರಿಗೆ ಬಿಡಲೇಬೇಕು ಎಂದು ಪಂಚಾಯ್ತಿ ಹೇಳಿದರೆ, ಬಿಟ್ಟದ್ದು ನಿಮ್ಮ ನೀರನ್ನೇ. ಸಂಬಳ ನೀವು ದುಡಿದದ್ದು. ದುಡಿದ ಕ್ಷಣ ಅದು ನಿಮ್ಮ ಆದಾಯ. ಆಮೇಲೆ ಅದು ಎಲ್ಲಿಗೆ ಹೋಯಿತು ಎಂಬುದು ಖರ್ಚು. ಕಂಪನಿ ಕಟ್ ಮಾಡಿದರೂ, ನೀವೇ ಕೊಟ್ಟರೂ ಇದರಲ್ಲಿ ವ್ಯತ್ಯಾಸ ಇಲ್ಲ.

ನಿಮಗೆ ಇದು ಭಾರ ಎಂದು ನನಗೆ ಗೊತ್ತು. ಅತ್ತ ಹೆಂಡತಿಯ ಕೈಗೆ ತಿಂಗಳಿಗೆ ಬಂದದ್ದನ್ನೂ ಆದಾಯ ಅನ್ನುತ್ತಾರೆ, ಇತ್ತ ನಿಮ್ಮಲ್ಲೂ ಕಳೆಯುವುದಿಲ್ಲ. ಒಂದೇ ದುಡ್ಡಿಗೆ ಎರಡು ಕಡೆ ಲೆಕ್ಕ. ಇದು ಬದಲಾಗಬೇಕು ಎಂದು ನಾನು ನಂಬುತ್ತೇನೆ. ಬದಲಾಗುವ ತನಕ ಇರುವುದರಲ್ಲೇ ದಾರಿ ನೋಡಬೇಕು.

ಹೊಸ ಪದ್ಧತಿಯಲ್ಲಿ ನಿಮ್ಮ ತೆರಿಗೆ ಹೀಗೆ. 14 ಲಕ್ಷದಲ್ಲಿ 75,000 ಕಳೆದರೆ 13,25,000. ಅದಕ್ಕೆ ಸೆಸ್ ಸೇರಿ 81,900 ರೂಪಾಯಿ. ಹಳೆಯ ಪದ್ಧತಿಯಲ್ಲಿ ಇದಕ್ಕಿಂತ ಕಡಿಮೆ ಬರಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಸುಮಾರು 5.2 ಲಕ್ಷಕ್ಕಿಂತ ಹೆಚ್ಚು ಕಡಿತಗಳು ಇರಬೇಕು. ಮನೆ ಬಿಟ್ಟು ಬಾಡಿಗೆಗೆ ಇದ್ದೀರಾ? ಪಿಎಫ್, ಮನೆ ಸಾಲ ಇದೆಯಾ? ಎಲ್ಲ ಕೂಡಿಸಿ ನೋಡಿ. ಹಳೆಯ ಪದ್ಧತಿ ಬೇಕಿದ್ದರೆ ಜುಲೈ 31ರ ಒಳಗೇ ರಿಟರ್ನ್ ಹಾಕಬೇಕು, ಆಮೇಲೆ ಅದು ಸಿಗುವುದಿಲ್ಲ.

ಹಳೆಯ ಪದ್ಧತಿ ಹಿಡಿಯುವುದಾದರೆ ಒಂದು ಮಾತು. ಮಗಳ ಶಾಲೆಯ ಬೋಧನಾ ಶುಲ್ಕವನ್ನು ನೀವೇ ನೇರವಾಗಿ ಶಾಲೆಗೆ ಕಟ್ಟಿದರೆ 80ಸಿ ಎಂಬ ಕಡಿತದ ಕಲಮಿನ ಅಡಿಯಲ್ಲಿ ತೋರಿಸಬಹುದು. ಅದೇ ದುಡ್ಡು ಜೀವನಾಂಶವಾಗಿ ಹೋಗಿ, ತಾಯಿ ಕಟ್ಟಿದರೆ ನಿಮಗೆ ಏನೂ ಸಿಗುವುದಿಲ್ಲ. ಮುಂದೆ ಆದೇಶದಲ್ಲಿ ತಿದ್ದುಪಡಿ ಕೇಳುವ ಸಂದರ್ಭ ಬಂದರೆ ವಕೀಲರ ಹತ್ತಿರ ಇದನ್ನು ಹೇಳಿ. ಫೀಸಿನ ರಸೀದಿ ತರಲು ಶಾಲೆಗೆ ಹೋದಾಗ ಮಗಳನ್ನೂ ನೋಡಿದಂತಾಗುತ್ತದೆ. ನೀವು ಪತ್ರದ ಕೊನೆಯಲ್ಲಿ ಬರೆದ ಸಾಲು ಓದಿ ಇದನ್ನು ಹೇಳಬೇಕು ಅನಿಸಿತು.

ಪ್ರಶ್ನೆ: ನಾನು ಹಾಸನದವಳು, ಅಮೆರಿಕದ ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿದ್ದೇನೆ. ಗಂಡ 2025ರ ಏಪ್ರಿಲಿನಲ್ಲಿ ಬೇರೆ ಊರಿಗೆ ಹೋದರು. ಮಗಳು ನನ್ನ ಜೊತೆಗಿದ್ದಾಳೆ. ಮನೆ ಬಾಡಿಗೆ, ಖರ್ಚು ಎಲ್ಲ ನಂದೇ. ಪ್ರತಿ ವರ್ಷದಂತೆ ಜಂಟಿ ರಿಟರ್ನಿಗೇ ಸಹಿ ಹಾಕು ಎನ್ನುತ್ತಿದ್ದಾರೆ. ಅಕ್ಟೋಬರ್ 15ರವರೆಗೆ ಎಕ್ಸ್‌ಟೆನ್ಷನ್ ತೆಗೆದುಕೊಂಡಿದ್ದೇನೆ.

ಉತ್ತರ: ಅಲ್ಲಿಯ ಪದ್ಧತಿಯೇ ಬೇರೆ. ಗಂಡ ಹೆಂಡತಿ ಜಂಟಿಯಾಗಿ ಹಾಕಬಹುದು. ಆದರೆ ಸಹಿ ಹಾಕಿದರೆ ಆ ರಿಟರ್ನಿನ ಪೂರ್ತಿ ತೆರಿಗೆಗೆ ಇಬ್ಬರೂ ಹೊಣೆ. ಅವರು ಆದಾಯ ಮುಚ್ಚಿಟ್ಟಿದ್ದರೆ ನಿಮ್ಮ ಹತ್ತಿರವೂ ವಸೂಲಿ ಮಾಡಬಹುದು. ಫಾರಂ 8857 ಹಾಕಿ, ನನಗೆ ಗೊತ್ತಿರಲಿಲ್ಲ ಎಂದು ಬಿಡುಗಡೆ ಕೇಳಬಹುದು, ಆದರೆ ಅದು ಸುಲಭದ ದಾರಿಯಲ್ಲ. ಅವರ ಲೆಕ್ಕದ ಮೇಲೆ ನಂಬಿಕೆ ಇಲ್ಲದಿದ್ದರೆ ಸಹಿ ಹಾಕಬೇಡಿ.

ಬೇರೆ ಹಾಕಿದರೆ ಮ್ಯಾರೀಡ್ ಫೈಲಿಂಗ್ ಸೆಪರೇಟ್ಲಿ, ಅಂದರೆ ಮದುವೆಯಾದವರು ಬೇರೆ ಬೇರೆ ಹಾಕುವುದು, ಒಂದೇ ದಾರಿ ಎಂದುಕೊಂಡಿದ್ದೀರಿ. ನಿಮ್ಮ ಮಟ್ಟಿಗೆ ಅದಕ್ಕಿಂತ ಒಳ್ಳೆಯದು ಇದೆ. ವರ್ಷದ ಕೊನೆಯ ಆರು ತಿಂಗಳು ಗಂಡ ನಿಮ್ಮ ಮನೆಯಲ್ಲಿ ಇರಲಿಲ್ಲ. ಮಗಳು ಅರ್ಧ ವರ್ಷಕ್ಕಿಂತ ಹೆಚ್ಚು ನಿಮ್ಮ ಹತ್ತಿರ ಇದ್ದಳು. ಮನೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀವೇ ಹಾಕಿದ್ದೀರಿ. ಮಗಳನ್ನು ಅವಲಂಬಿತೆಯಾಗಿ ತೋರಿಸುವ ಹಕ್ಕೂ ನಿಮಗಿದ್ದರೆ, ಡೈವೋರ್ಸ್ ಆಗದಿದ್ದರೂ ಹೆಡ್ ಆಫ್ ಹೌಸ್‌ಹೋಲ್ಡ್, ಅಂದರೆ ಮನೆ ನಡೆಸುವವರು, ಎಂದು ಹಾಕಬಹುದು. 2025ರ ವರ್ಷಕ್ಕೆ ಅದರ ಸ್ಟ್ಯಾಂಡರ್ಡ್ ಡಿಡಕ್ಷನ್ 23,625 ಡಾಲರ್, ಬರೀ ಬೇರೆ ಹಾಕಿದರೆ 15,750. ಬಾಡಿಗೆ ಕರಾರು, ಕರೆಂಟ್ ಬಿಲ್, ಮಗಳ ಶಾಲೆಯ ದಾಖಲೆಯಲ್ಲಿರುವ ವಿಳಾಸ ಇವನ್ನೆಲ್ಲ ಒಂದು ಕಡೆ ಇಡಿ. ಎಕ್ಸ್‌ಟೆನ್ಷನ್ ಸಿಕ್ಕಿದ್ದು ಕಾಗದಕ್ಕೆ, ತೆರಿಗೆ ಕಟ್ಟಲಿಕ್ಕಲ್ಲ. ಬಾಕಿ ಇದ್ದರೆ ಬಡ್ಡಿ ಏಪ್ರಿಲಿನಿಂದಲೇ ಓಡುತ್ತಿದೆ.

ಹಾಸನದಲ್ಲಿ ಅಮ್ಮನ ಜೊತೆ ಜಂಟಿ ಖಾತೆ ಇದೆ ಎಂದಿದ್ದೀರಿ. ಅಮೆರಿಕದ ಹೊರಗಿನ ನಿಮ್ಮ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್, ಅಂದರೆ ಹೊರದೇಶದ ಖಾತೆಗಳ ವಿವರ, ಕೊಡಲೇಬೇಕು. ದುಡ್ಡು ಅಮ್ಮನದಾದರೂ ನಿಮ್ಮ ಹೆಸರಿದೆಯಲ್ಲ, ಅಷ್ಟು ಸಾಕು. ಅದಕ್ಕೂ ಅಕ್ಟೋಬರ್ 15ರವರೆಗೆ ಸಮಯವಿದೆ.

ಪ್ರಶ್ನೆ: ಮಗಳ ಪರವಾಗಿ ಬರೆಯುತ್ತಿದ್ದೇನೆ, ಊರು ಸಾಗರ. ಎರಡು ವರ್ಷದಿಂದ ನಮ್ಮ ಮನೆಯಲ್ಲಿದ್ದಾಳೆ, ಕೆಲಸ ಇಲ್ಲ, ಅಳಿಯ ಏನೂ ಕೊಡುತ್ತಿಲ್ಲ. 2012ರಲ್ಲಿ ಮದುವೆಗೆ ನಾವು ಹಾಕಿದ ಒಡವೆಯಲ್ಲಿ 50 ಗ್ರಾಂ ಹೋದ ವರ್ಷ ಮಾರಿದಳು. 4,60,000 ಬಂತು. ಗಂಡ ಇಲ್ಲದೆ ಅವಳು ರಿಟರ್ನ್ ಹಾಕಬಹುದೇ? ತೆರಿಗೆ ಎಷ್ಟು?

ಉತ್ತರ: ಅಮ್ಮಾ, ಒಡವೆ ಅವಳದು, ಮಾರಿದ್ದು ಅವಳು, ಲೆಕ್ಕವೂ ಅವಳದೇ. ಅಳಿಯನಿಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ. ತವರಿನವರು ಕೊಟ್ಟದ್ದಾದ್ದರಿಂದ ಕ್ಲಬ್ಬಿಂಗ್ ಪ್ರಶ್ನೆಯೂ ಬರುವುದಿಲ್ಲ.

ತೆರಿಗೆ ಬರುವುದು ಪೂರ್ತಿ 4,60,000ಕ್ಕಲ್ಲ, ಲಾಭಕ್ಕೆ ಮಾತ್ರ. ನೀವು ಅದನ್ನು ಕೊಂಡಾಗ ಎಷ್ಟು ಕೊಟ್ಟಿರಿ ಎಂಬುದೇ ಅವಳ ಖರೀದಿ ಬೆಲೆ. 1,40,000 ಕೊಟ್ಟಿದ್ದೀರಿ ಎಂದುಕೊಳ್ಳೋಣ. ಲಾಭ 3,20,000. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಚಿನ್ನಕ್ಕೆ ತೆರಿಗೆ ದರ ಶೇಕಡ 12.5. ಆದರೆ ಅವಳಿಗೆ ಬೇರೆ ಆದಾಯವೇ ಇಲ್ಲ. ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ, ಇಲ್ಲೇ ವಾಸವಿರುವವರಿಗೆ ಈ ಲಾಭವೂ ಅದರೊಳಗೆ ಸೇರಿಹೋಗುತ್ತದೆ. ಹಾಗಾಗಿ ತೆರಿಗೆ ಸೊನ್ನೆ. ಲಾಭ 4 ಲಕ್ಷ ದಾಟಿದರೆ ದಾಟಿದ ಭಾಗಕ್ಕೆ ಕಟ್ಟಬೇಕು. 12 ಲಕ್ಷದ ರಿಬೇಟ್ ಇಂಥ ಲಾಭಕ್ಕೆ ಸಿಗುವುದಿಲ್ಲ, ಅದನ್ನು ನಂಬಿ ಕೂರಬೇಡಿ.

ಅವಳು ರಿಟರ್ನ್ ಹಾಕಲೇಬೇಕೆಂಬ ಕಡ್ಡಾಯ ಇಲ್ಲ. ಆದರೂ ಹಾಕಿಸಿ. ನಾಳೆ ಟೈಲರಿಂಗ್ ಅಂಗಡಿಗೋ ಮತ್ತೊಂದಕ್ಕೋ ಸಾಲ ಕೇಳಲು ಹೋದಾಗ ಬ್ಯಾಂಕಿನವರು ರಿಟರ್ನ್ ಕೇಳುತ್ತಾರೆ. ಪಾನ್ ಇಲ್ಲದಿದ್ದರೆ ಆಧಾರ್ ಇಟ್ಟುಕೊಂಡು ಪೋರ್ಟಲಿನಲ್ಲೇ ಇ-ಪಾನ್ ಮಾಡಿಸಬಹುದು, ದುಡ್ಡು ಕೊಡಬೇಕಾಗಿಲ್ಲ. ನೀವು ಒಂದು ಕೆಲಸ ಮಾಡಿ. ಮದುವೆಯ ವರ್ಷ ಒಡವೆ ಮಾಡಿಸಿದ ಅಂಗಡಿಯ ಚೀಟಿಗಳನ್ನು ಹುಡುಕಿ. ನಮ್ಮ ಕಡೆ ಅಮ್ಮಂದಿರು ಅವನ್ನು ಲಗ್ನಪತ್ರಿಕೆಯ ಜೊತೆ ಟ್ರಂಕಿನಲ್ಲಿ ಇಟ್ಟಿರುತ್ತಾರೆ. ಚೀಟಿ ಸಿಗದಿದ್ದರೆ ಅದೇ ಅಂಗಡಿಯಲ್ಲಿ ಹಳೆಯ ಪುಸ್ತಕ ನೋಡಲು ಕೇಳಿ. ಉಳಿದ ಒಡವೆ ಅಳಿಯನ ಜೊತೆಗಿನ ಜಂಟಿ ಲಾಕರಿನಲ್ಲಿ ಇದ್ದರೆ ಮದುವೆಯ ಫೋಟೋಗಳನ್ನೂ ತೆಗೆದಿಡಿ, ಅವಳ ಮೈಮೇಲೆ ಏನೇನಿತ್ತು ಎಂದು ಅದರಲ್ಲಿ ಕಾಣುತ್ತದೆ. ಆ ಆಲ್ಬಮ್ ಈಗ ನಿಮ್ಮ ಮನೆಯಲ್ಲಿದೆಯೋ ಅವರ ಮನೆಯಲ್ಲಿದೆಯೋ, ಇವತ್ತೇ ನೋಡಿ.